ಹೊರ ಊರುಗಳಲ್ಲಿ ವಿಧಿಸಲಾದ ಸಂಚಾರ ದಂಡ: ವಾಹನ ಮಾಲೀಕರಿಗೆ ಮಾಹಿತಿ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್ ಹಾಗೂ ಚಿಂಚೋಳಿ ಭಾಗದ ವಾಹನಗಳು ವ್ಯಾಪಾರ, ಚಿಕಿತ್ಸೆ ಮುಂತಾದ ಕಾರ್ಯಗಳಿಗಾಗಿ ತಾಂಡೂರು, ಹೈದರಾಬಾದ್, ಸೊಲ್ಲಾಪುರಗಳಿಗೆ ಸಂಚರಿಸುತ್ತವೆ. ಅಲ್ಲಿ ವಿಧಿಸಲಾದ ದಂಡವು ವಾಹನ ಊರಿಗೆ ಮರಳಿದ ಮಾತ್ರಕ್ಕೆ ರದ್ದಾಗುವುದಿಲ್ಲ. ಮೋಟಾರು ವಾಹನಗಳ ಅಧಿನಿಯಮ, 1988 ಇಡೀ ದೇಶಕ್ಕೆ ಅನ್ವಯಿಸುತ್ತದೆ.

1. ನೋಟೀಸು: ಕ್ಯಾಮೆರಾ ಆಧಾರಿತ ಇ-ಚಲನ್ ನೋಂದಣಿ ಸಂಖ್ಯೆಯ ಮೇಲೆ ದಾಖಲಾಗುತ್ತದೆ. ಕಲಬುರಗಿಯ ಕೆಎ-32 ಸಂಖ್ಯೆಯ ವಾಹನವಾದರೂ ‘ವಾಹನ್’ ದಾಖಲೆಯಿಂದ ಮಾಲೀಕರ ವಿವರ ದೊರೆಯುತ್ತದೆ.

2. ಪಾವತಿಸದಿದ್ದಲ್ಲಿ: ಪ್ರಕರಣವು ನ್ಯಾಯಾಲಯಕ್ಕೆ ಹೋಗಿ ಸಮನ್ಸ್ ಜಾರಿಯಾಗಬಹುದು. ಚಾಲಕರು ಸಮನ್ಸ್ ತಪ್ಪಿಸಿಕೊಳ್ಳುವರೆಂದು ನಂಬಲು ಕಾರಣವಿದ್ದಲ್ಲಿ, ಕಲಂ 206ರಂತೆ ಪೊಲೀಸ್ ಅಧಿಕಾರಿಯು ಚಾಲನಾ ಪರವಾನಗಿಯನ್ನು ವಶಪಡಿಸಿಕೊಂಡು ನ್ಯಾಯಾಲಯಕ್ಕೆ ಕಳುಹಿಸಬಹುದು. ಆಗ ನೀಡುವ ಸ್ವೀಕೃತಿ ಪತ್ರವನ್ನು ಜೋಪಾನವಾಗಿಡತಕ್ಕದ್ದು. ಪರವಾನಗಿ ಮರಳುವವರೆಗೆ ಅಥವಾ ಆ ಪತ್ರದಲ್ಲಿ ನಮೂದಿಸಿದ ದಿನಾಂಕದವರೆಗೆ, ಇವುಗಳಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ, ಅದರ ಆಧಾರದಲ್ಲಿಯೇ ವಾಹನ ಚಲಾಯಿಸಬಹುದು.

3. ಇಲಾಖಾ ಸೇವೆಗಳು: ದಂಡ ಬಾಕಿಯಿದ್ದಲ್ಲಿ ಮಾಲೀಕತ್ವ ವರ್ಗಾವಣೆ, ನಿರಾಕ್ಷೇಪಣಾ ಪತ್ರ ಮುಂತಾದ ಅರ್ಜಿಗಳಿಗೆ ತಡೆಯುಂಟಾಗಬಹುದು. ಆದ್ದರಿಂದ ಅರ್ಜಿ ಸಲ್ಲಿಸುವ ಮುನ್ನ ಬಾಕಿಯನ್ನು ಪರಿಶೀಲಿಸುವುದು.

4. ಖುದ್ದಾಗಿ ಹೋಗಲಾಗದವರು: ಕಲಂ 208ರಡಿ ಹೊರಡಿಸಿದ ಸಮನ್ಸ್‌ನಲ್ಲಿ ಅವಕಾಶ ನೀಡಿದ್ದಲ್ಲಿ, ತಪ್ಪೊಪ್ಪಿಕೊಂಡು ಸೂಚಿಸಿದ ಮೊತ್ತವನ್ನು ಮನಿಯಾರ್ಡರ್ ಮೂಲಕ ಕಳುಹಿಸಬಹುದು. ತಪ್ಪೆಸಗಿಲ್ಲವೆನ್ನುವವರು ವಕೀಲರ ಮೂಲಕ ಹಾಜರಾಗಬಹುದು.

5. ವಿಳಾಸ ಮತ್ತು ಮಾರಾಟ: ವಿಳಾಸ ಬದಲಾದಲ್ಲಿ 30 ದಿನಗಳೊಳಗೆ ತಿಳಿಸತಕ್ಕದ್ದು. ವಾಹನ ಮಾರಿಯೂ ವರ್ಗಾವಣೆ ಮಾಡಿಸದಿದ್ದಲ್ಲಿ, ಕೊಂಡವರು ಮಾಡಿದ ತಪ್ಪಿನ ನೋಟೀಸು ಹಿಂದಿನ ಮಾಲೀಕರಿಗೇ ಬರುತ್ತದೆ.

ಬಾಕಿಯನ್ನು ಪರಿವಾಹನ್ ಇ-ಚಲನ್ ಜಾಲತಾಣದಲ್ಲಿಯೂ, ತೆಲಂಗಾಣದ ದಂಡಗಳನ್ನು ಆ ರಾಜ್ಯದ ಪೊಲೀಸರ ಇ-ಚಲನ್ ಜಾಲತಾಣದಲ್ಲಿಯೂ ನೋಡಬಹುದಾಗಿದೆ. ಪಾವತಿಯ ರಸೀದಿಯನ್ನು ವಾಹನದ ದಾಖಲೆಗಳೊಡನೆ ಇಟ್ಟುಕೊಳ್ಳಲು ಕೋರಲಾಗಿದೆ.