ಚಳಿಗೆ ಅಂಜದ ನೀಲಗಿರಿ

ನೀಲಗಿರಿ ಎಂದೊಡನೆ ನಮಗೆ ನೆನಪಾಗುವುದು ನೆಗಡಿಗೆ ಹಚ್ಚುವ ಎಣ್ಣೆ, ಇಲ್ಲವೆ ರಸ್ತೆ ಬದಿಯ ನೆಡುತೋಪು. ಆದರೆ ಇದು ಆ ಮರದ ಸ್ವಂತ ಹೆಸರಲ್ಲ. 1843ರ ಸುಮಾರಿಗೆ ಬ್ರಿಟಿಷರು ಅದನ್ನು ನೀಲಗಿರಿ ಬೆಟ್ಟಗಳಲ್ಲಿ ನೆಡತೊಡಗಿದರು. ಬೆಟ್ಟದ ಹೆಸರೇ ಕನ್ನಡದಲ್ಲಿ ಮರಕ್ಕೆ ಅಂಟಿಕೊಂಡಿತು. ಹಾಗೆ ಬಂದ ಮರದ ತವರುಗಳಲ್ಲಿ ಒಂದು, ಆಸ್ಟ್ರೇಲಿಯದ ದಕ್ಷಿಣಕ್ಕಿರುವ ಟಾಸ್ಮೇನಿಯ ದ್ವೀಪ. ಅದೇ ದ್ವೀಪದಲ್ಲಿ ಅದಕ್ಕೊಂದು ಸೋದರ ಪ್ರಭೇದವಿದೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಯೂಕಲಿಪ್ಟಸ್ ಗನ್ನಿ; ಜನ ಕರೆಯುವುದು ಸೈಡರ್ ಗಮ್ ಎಂದು.

ಟಾಸ್ಮೇನಿಯದ ನಡುವಿನ ಪ್ರಸ್ಥಭೂಮಿ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಎತ್ತರದಲ್ಲಿದೆ. ಚಳಿಗಾಲದಲ್ಲಿ ಅಲ್ಲಿ ಹಿಮ ಬೀಳುತ್ತದೆ, ನೆಲದ ನೀರು ಹೆಪ್ಪುಗಟ್ಟುತ್ತದೆ. ಸೈಡರ್ ಗಮ್ ಮಾತ್ರ ಎಲೆ ಉದುರಿಸದೆ ಹಸಿರಾಗಿಯೇ ನಿಲ್ಲುತ್ತದೆ. ಸೊನ್ನೆಗಿಂತ 14 ಡಿಗ್ರಿ ಸೆಲ್ಸಿಯಸ್ ಕೆಳಗಿನ ಚಳಿಯನ್ನೂ ಅದು ತಾಳಬಲ್ಲದು. ಇದು ಹೇಗೆ ಸಾಧ್ಯ? ಚಳಿ ಮೆಲ್ಲಮೆಲ್ಲನೆ ಏರುತ್ತ ಬಂದರೆ ಮರ ಸಿದ್ಧತೆ ಮಾಡಿಕೊಳ್ಳುತ್ತದೆ. ಜೀವಕೋಶಗಳ ರಸದಲ್ಲಿ ಸಕ್ಕರೆಯ ಅಂಶ ಹೆಚ್ಚುತ್ತದೆ. ಸಕ್ಕರೆ ಬೆರೆತ ನೀರು ಬರಿಯ ನೀರಿನಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಚಿಗುರುವ ಕಾಲದಲ್ಲಿ ಚಳಿ ಹಠಾತ್ತನೆ ಬಂದೆರಗಿದರೆ ಮಾತ್ರ ಈ ಮರಕ್ಕೂ ಅಪಾಯ.

ಮರದ ಇನ್ನೊಂದು ವಿಶೇಷ ಅದರ ಸಿಹಿನೀರು. ಕಾಂಡಕ್ಕೆ ಗಾಯ ಮಾಡಿದರೆ ಅದು ಒಸರುತ್ತದೆ. ನಮ್ಮಲ್ಲಿ ಈಚಲು ಮರದಿಂದ ಇಳಿಸಿದ ನೀರಾ ಬಿಸಿಲೇರಿದಂತೆ ಹುಳಿತು ಹೆಂಡವಾಗುವುದಿಲ್ಲವೆ? ಇದೂ ಹಾಗೆಯೇ. ಟಾಸ್ಮೇನಿಯದ ಮೂಲನಿವಾಸಿಗಳು ಮರದಲ್ಲಿ ತೂತು ಕೊರೆದು, ಒಸರಿದ ನೀರನ್ನು ಬುಡದ ಗುಳಿಯಲ್ಲಿ ಕೂಡಿಟ್ಟು, ಪ್ರಾಣಿಗಳು ಮುಟ್ಟದಂತೆ ಚಪ್ಪಟೆ ಕಲ್ಲು ಮುಚ್ಚುತ್ತಿದ್ದರು. ಹುದುಗಿದ ಆ ಪೇಯಕ್ಕೆ ‘ವೇ-ಅ-ಲಿನಾ’ ಎಂದು ಹೆಸರು.

ಈ ವಿವರ ನಮಗೆ ದೊರೆತ ಸಂದರ್ಭ ನೋವಿನದು. 1803ರಲ್ಲಿ ಬ್ರಿಟಿಷರು ಟಾಸ್ಮೇನಿಯದಲ್ಲಿ ನೆಲೆಯೂರಿದರು. ಕುರಿ ಸಾಕಣೆಗಾಗಿ ಬಯಲುಗಳನ್ನು ಆಕ್ರಮಿಸಿದಂತೆ ಮೂಲನಿವಾಸಿಗಳೊಡನೆ ಘರ್ಷಣೆ ಬೆಳೆಯಿತು. 1828ರಲ್ಲಿ ಸೈನಿಕ ಕಾನೂನು ಜಾರಿಗೆ ಬಂತು. ಸರ್ಕಾರ ನೇಮಿಸಿದ್ದ ಜಾರ್ಜ್ ಅಗಸ್ಟಸ್ ರಾಬಿನ್ಸನ್ 1831ರಲ್ಲಿ ಪ್ರಸ್ಥಭೂಮಿಯನ್ನು ಸುತ್ತುತ್ತ ಈ ಮರಗಳ ಬಗ್ಗೆ ದಿನಚರಿಯಲ್ಲಿ ಬರೆದಿಟ್ಟ. ಅವನ ಕೆಲಸ ಮರಗಳ ಅಧ್ಯಯನವಾಗಿರಲಿಲ್ಲ. ಜನರನ್ನು ಒಪ್ಪಿಸಿ ಕರೆತರುವುದಾಗಿತ್ತು. ಅದೇ ವರ್ಷದ ಡಿಸೆಂಬರ್ 31ರಂದು ಎರಡು ಪಂಗಡಗಳ 26 ಮಂದಿ ಅವನ ಮಾತು ನಂಬಿ ಹೊರಟುಬಂದರು. ಅವರನ್ನು ಫ್ಲಿಂಡರ್ಸ್ ದ್ವೀಪಕ್ಕೆ ಸಾಗಿಸಲಾಯಿತು. ಅಲ್ಲಿ ರೋಗಗಳಿಗೆ ತುತ್ತಾಗಿ ಎಷ್ಟೋ ಜನ ಸತ್ತರು. ಮರ ಬೆಟ್ಟದ ಮೇಲೆ ಉಳಿಯಿತು. ಅದರ ಗುಟ್ಟು ಬಲ್ಲವರನ್ನು ಕಡಲಾಚೆ ಕಳಿಸಲಾಯಿತು.

ಇಂಗ್ಲೆಂಡಿನ ಸಸ್ಯವಿಜ್ಞಾನಿ ಜೋಸೆಫ್ ಡಾಲ್ಟನ್ ಹುಕರ್ ಈ ಪ್ರಭೇದವನ್ನು ವರ್ಣಿಸಿದ್ದು 1844ರಲ್ಲಿ. ಟಾಸ್ಮೇನಿಯದಲ್ಲಿ ಅಧಿಕಾರಿಯಾಗಿದ್ದುಕೊಂಡು ಶ್ರದ್ಧೆಯಿಂದ ಸಸ್ಯಗಳನ್ನು ಸಂಗ್ರಹಿಸುತ್ತಿದ್ದ ರೊನಾಲ್ಡ್ ಗನ್ ಅವರ ಗೌರವಾರ್ಥ ‘ಗನ್ನಿ’ ಎಂದು ಹೆಸರಿಟ್ಟರು. ಆ ಗೌರವಕ್ಕೆ ಗನ್ ಅರ್ಹರೇ. ಆದರೆ ಮರವನ್ನು ಮೊದಲು ಅರಿತವರ ಗುರುತು ಆ ಹೆಸರಿನಲ್ಲಿಲ್ಲ.

ಚಳಿ ತಾಳುವ ಗುಣದಿಂದಾಗಿ ಮರ ಯೂರೋಪಿಗೂ ಹೋಯಿತು. ಬ್ರಿಟನ್ನಿನ ತೋಟಗಳಲ್ಲಿ ಅದು ಅಲಂಕಾರದ ಮರ. ಎಳೆಯ ಎಲೆಗಳು ನಾಣ್ಯದಂತೆ ದುಂಡಗೆ, ಬೂದಿ ಬಳಿದ ಬೆಳ್ಳಿಯ ಬಣ್ಣದಲ್ಲಿರುವುದರಿಂದ ಹೂಗುಚ್ಛ ಕಟ್ಟುವವರಿಗೆ ಬಲು ಇಷ್ಟ. ಬಲಿತ ಎಲೆಗಳು ಉದ್ದನೆಯವು. ನೈಋತ್ಯ ಫ್ರಾನ್ಸಿನಲ್ಲಿ ಕಾಗದದ ತಿರುಳಿಗಾಗಿ ಅದನ್ನೂ ಅದರ ಮಿಶ್ರತಳಿಗಳನ್ನೂ ಬೆಳೆಸಿದ್ದಾರೆ.

ತವರಿನಲ್ಲಿ ಮಾತ್ರ ಕಥೆ ಬೇರೆ. ಪ್ರಸ್ಥಭೂಮಿಯ ಮಿಯೆನಾ ಎಂಬಲ್ಲಿನ ಉಪಪ್ರಭೇದ ಇಂದು ಅಳಿವಿನಂಚಿನ ಸಸ್ಯಗಳ ಪಟ್ಟಿಯಲ್ಲಿದೆ. ಬರ, ಏರುತ್ತಿರುವ ತಾಪ, ಚಿಗುರು ಮೇಯುವ ಪ್ರಾಣಿಗಳು, ಇವೆಲ್ಲ ಸೇರಿ ಹಳೆಯ ಮರಗಳು ನಿಂತಲ್ಲೇ ಒಣಗಿವೆ. ಹಿಮಕ್ಕೆ ಜಗ್ಗದ ಮರ ನೀರಿನ ಕೊರತೆಗೆ ಸೋಲುತ್ತಿದೆ.

2020ರಲ್ಲಿ ಆಸ್ಟ್ರೇಲಿಯದ ವಿಜ್ಞಾನಿಗಳು ಈ ಸಿಹಿನೀರನ್ನು ಹುದುಗಿಸುವ ಸೂಕ್ಷ್ಮಜೀವಿಗಳ ಅಧ್ಯಯನವನ್ನು ಪ್ರಕಟಿಸಿದರು. ಮೂಲನಿವಾಸಿಗಳ ವಂಶಸ್ಥರು ಇಂದಿಗೂ ಟಾಸ್ಮೇನಿಯದಲ್ಲಿದ್ದಾರೆ. ಅವರ ಹಿರಿಯರು ಬಲ್ಲ ವಿದ್ಯೆಯನ್ನು ಪ್ರಯೋಗಾಲಯ ಅರಿಯತೊಡಗಿದ್ದು ಸುಮಾರು ಇನ್ನೂರು ವರ್ಷ ತಡವಾಗಿ. ಅಷ್ಟರಲ್ಲಿ ಮರಗಳೇ ವಿರಳವಾಗಿದ್ದವು.

ವಿದ್ಯಾರ್ಥಿ ಮಿತ್ರರೇ, ಸಸ್ಯದ ಶಾಸ್ತ್ರೀಯ ಹೆಸರನ್ನು ತಪ್ಪಿಲ್ಲದೆ ಕಲಿಯಿರಿ. ಅದರ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕೇಳಿ: ಈ ಹೆಸರು ಬರುವ ಮೊದಲು ಈ ಮರವನ್ನು ಬಲ್ಲವರು ಯಾರು? ಉತ್ತರ ಹೇಳಬಲ್ಲ ಹಿರಿಯರು ನಿಮ್ಮ ಊರಿನಲ್ಲಿದ್ದರೆ, ಇಂದೇ ಅವರ ಬಳಿ ಕುಳಿತು ಬರೆದುಕೊಳ್ಳಿ.