ಅವನೇ!

"ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು" ಎಂದು ನಮ್ಮಜ್ಜಿ ಆಗಾಗ ಹೇಳುತ್ತಿದ್ದರು. ಕಣ್ಣಾರೆ ಕಂಡ ಮೇಲೆ ಇನ್ನೆಂಥ ಪ್ರಮಾಣ ಎಂದು ಆಗ ನನಗೆ ನಗು ಬರುತ್ತಿತ್ತು. ಅಡಾಲ್ಫ್ ಬೆಕ್ ಎಂಬಾತನ ಕಥೆ ಓದಿದ ಮೇಲೆ ಆ ನಗು ನಿಂತಿತು.

1895ರ ಡಿಸೆಂಬರ್ 16. ನಾರ್ವೆ ಮೂಲದ, ಐವತ್ತು ದಾಟಿದ ಬೆಕ್ ಲಂಡನ್ನಿನ ವಿಕ್ಟೋರಿಯಾ ಸ್ಟ್ರೀಟಿನಲ್ಲಿದ್ದ. ಹೆಂಗಸೊಬ್ಬಳು ಅಡ್ಡಗಟ್ಟಿ, ತನ್ನ ಗಡಿಯಾರ, ಉಂಗುರಗಳನ್ನು ಲಪಟಾಯಿಸಿದವನು ನೀನೇ ಎಂದಳು. ಬೆಕ್ ತಾನೇ ಪೊಲೀಸಿನವನ ಬಳಿ ಹೋಗಿ ಅವಳ ಮೇಲೆ ದೂರು ಹೇಳಿದ. ಠಾಣೆಗೆ ಇಬ್ಬರೂ ಹೋದರು. ಒಳಗೆ ಉಳಿದವನು ಅವನು.

ಆಗ ಲಂಡನ್ನಿನಲ್ಲಿ ಒಬ್ಬ ಠಕ್ಕನಿದ್ದ. ತಾನೊಬ್ಬ ಶ್ರೀಮಂತ ಪ್ರಭು ಎಂದು ಹೇಳಿಕೊಂಡು ಒಂಟಿ ಹೆಂಗಸರ ಪರಿಚಯ ಮಾಡಿಕೊಳ್ಳುತ್ತಿದ್ದ. ಹೊಸ ಬಟ್ಟೆ ಕೊಳ್ಳಲು ಚೆಕ್ ಬರೆದು ಕೊಡುತ್ತಿದ್ದ. ಹೊಸ ಉಂಗುರ ಮಾಡಿಸಲು ಅಳತೆಗೆಂದು ಅವರ ಉಂಗುರ ಒಯ್ಯುತ್ತಿದ್ದ. ಚೆಕ್ಕಿಗೆ ಬೆಲೆಯಿಲ್ಲ, ಉಂಗುರ ತಿರುಗಿ ಬರುವುದಿಲ್ಲ. ಒಡವೆಗೆ ಮೆರುಗು ಹಾಕಿಕೊಡುತ್ತೇವೆಂದು ಬಾಗಿಲಿಗೆ ಬರುವವರನ್ನು ಕಂಡ ನಮಗೆ ಆ ಹೆಂಗಸರ ಸಂಕಟ ಬಿಡಿಸಿ ಹೇಳಬೇಕಿಲ್ಲ.

ಮೋಸಹೋದವರನ್ನೆಲ್ಲ ಠಾಣೆಗೆ ಕರೆಸಿದರು. ಬೀದಿಯಲ್ಲಿ ಸಿಕ್ಕ ಗಂಡಸರ ಸಾಲಿನಲ್ಲಿ ಬೆಕ್‌ನನ್ನು ನಿಲ್ಲಿಸಿದರು. ನರೆತ ಕೂದಲಿನ, ಮೀಸೆಯ ಹಿರಿಯ ಅವನೊಬ್ಬನೇ! ಅಂತೂ ಹತ್ತು ಮಂದಿ ಹೆಂಗಸರು ಅವನನ್ನೇ ಗುರುತಿಸಿದರು. 1877ರಲ್ಲಿ ಇಂಥದೇ ಮೋಸಕ್ಕೆ ಜಾನ್ ಸ್ಮಿತ್ ಎಂಬವನು ಜೈಲಿಗೆ ಹೋಗಿದ್ದ. ಅವನೇ ಇವನು ಎಂದು ಹಳೆಯ ಪೊಲೀಸಿನವನೊಬ್ಬ ಖಂಡಿತವಾಗಿ ಹೇಳಿದ. 1877ರಲ್ಲಿ ಬೆಕ್ ಇದ್ದದ್ದು ದಕ್ಷಿಣ ಅಮೆರಿಕದಲ್ಲಿ. ಆದರೆ ಆ ಹಳೆಯ ವಿಷಯವನ್ನು ವಿಚಾರಣೆಯೊಳಗೆ ತರಲು ನ್ಯಾಯಾಧೀಶರು ಬಿಡಲಿಲ್ಲ. 1896ರ ಮಾರ್ಚಿನಲ್ಲಿ ಏಳು ವರ್ಷದ ಕಠಿಣ ಶಿಕ್ಷೆಯಾಯಿತು.

ಮೇಲ್ಮನವಿ ಕೇಳಲು ಆಗ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ಕೋರ್ಟೇ ಇರಲಿಲ್ಲ. ಸರ್ಕಾರಕ್ಕೆ ಅರ್ಜಿಯ ಮೇಲೆ ಅರ್ಜಿ ಹೋಯಿತು. 1898ರಲ್ಲಿ ಜೈಲಿನ ಹಳೆಯ ದಾಖಲೆ ತೆಗೆದು ನೋಡಿದರೆ, ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ. ಇಬ್ಬರೂ ಒಬ್ಬನೇ ಆಗಲು ಸಾಧ್ಯವೇ ಇಲ್ಲ. ಆದರೂ ಬಿಡಲಿಲ್ಲ. ಅವನು ಸ್ಮಿತ್ ಅಲ್ಲದಿರಬಹುದು, ಹತ್ತು ಹೆಂಗಸರು ನೋಡಿದ್ದು ಸುಳ್ಳೇ ಎಂಬ ವಾದ.

1901ರಲ್ಲಿ ಬೆಕ್ ಹೊರಗೆ ಬಂದ. 1904ರಲ್ಲಿ ಮತ್ತೆ ಅದೇ ಬಗೆಯ ಮೋಸ, ಮತ್ತೆ ಐವರು ಹೆಂಗಸರು, ಮತ್ತೆ ಅಪರಾಧಿಯೆಂಬ ತೀರ್ಪು. ಈ ಸಲ ನ್ಯಾಯಾಧೀಶರಿಗೆ ಸಂಶಯ ಬಂದು ಶಿಕ್ಷೆ ಹೇಳುವುದನ್ನು ಮುಂದೆ ಹಾಕಿದರು. ಬೆಕ್ ಕಂಬಿಯ ಹಿಂದೆ ಇದ್ದಾಗಲೇ, ಜುಲೈನಲ್ಲಿ, ಕದ್ದ ಉಂಗುರ ಗಿರವಿ ಇಡಲು ಹೋದ ಒಬ್ಬ ಸಿಕ್ಕಿಬಿದ್ದ. ಅವನೇ ಹಳೆಯ ಜಾನ್ ಸ್ಮಿತ್. ನಿಜವಾದ ಹೆಸರು ವಿಲ್ಹೆಲ್ಮ್ ಮೇಯರ್. ಬೆಕ್‌ಗೆ ಕ್ಷಮಾದಾನ ಸಿಕ್ಕಿತು, 5,000 ಪೌಂಡ್ ಪರಿಹಾರ ಸಿಕ್ಕಿತು. ಮಾಡದ ತಪ್ಪಿಗೆ ಕ್ಷಮೆ! 1909ರಲ್ಲಿ ಅವನು ತೀರಿಕೊಂಡ. ಅದಕ್ಕೆ ಎರಡು ವರ್ಷ ಮೊದಲು, 1907ರಲ್ಲಿ, ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ಕೋರ್ಟಿನ ಕಾಯಿದೆಯಾಯಿತು. ಅದಕ್ಕೆ ಮುಖ್ಯ ಕಾರಣಗಳಲ್ಲಿ ಇವನ ಕಥೆಯೂ ಒಂದು.

ನನ್ನನ್ನು ಕಾಡುವುದು ಬೆಕ್ ಒಬ್ಬನೇ ಅಲ್ಲ, ಆ ಹೆಂಗಸರೂ ಹೌದು. ಅವರು ಸುಳ್ಳು ಹೇಳಲಿಲ್ಲ. ಕಳೆದುಕೊಂಡದ್ದು ನಿಜ, ಸಿಟ್ಟು ನಿಜ, ಪಟ್ಟ ಅವಮಾನ ನಿಜ. ಮುಖ ಮಾತ್ರ ಬೇರೆಯದು. ನೆನಪೆಂಬುದು ಪೆಟ್ಟಿಗೆಯಲ್ಲಿಟ್ಟ ಫೋಟೋ ಅಲ್ಲ. ಸಾಲಿನಲ್ಲಿ ಕಂಡ ಮುಖ ಮೆಲ್ಲಗೆ ಹಳೆಯ ಮುಖದ ಜಾಗದಲ್ಲಿ ಬಂದು ಕೂರುತ್ತದೆ. ಆಮೇಲೆ ಎಷ್ಟು ಸಲ ನೆನೆದರೂ ಅದೇ ಬರುತ್ತದೆ. ಪ್ರಾಮಾಣಿಕ ಸಾಕ್ಷಿ ದೃಢವಾಗಿ ಹೇಳಿದರೂ ತಪ್ಪಿರಬಹುದೆಂದು ಜ್ಯೂರಿಯನ್ನು ಎಚ್ಚರಿಸಬೇಕು ಎಂದು ಅಲ್ಲಿಯ ಅಪೀಲು ನ್ಯಾಯಾಲಯ ಟರ್ನ್‌ಬುಲ್ ಮೊಕದ್ದಮೆಯಲ್ಲಿ ಹೇಳಿದ್ದು 1976ರಲ್ಲಿ.

ಸಾಕ್ಷಿ ಹೇಳುವ ಪ್ರಸಂಗ ನಮ್ಮಲ್ಲಿ ಯಾರಿಗೂ ಬರಬಹುದು. "ಅವನ ಹಾಗಿದ್ದಾನೆ" ಎನ್ನುವುದಕ್ಕೂ "ಅವನೇ" ಎನ್ನುವುದಕ್ಕೂ ನಡುವೆ ಒಬ್ಬ ಮನುಷ್ಯನ ಐದು ವರ್ಷ ಹೋಯಿತು. ಗೊತ್ತಿದ್ದಷ್ಟನ್ನೇ ಹೇಳುವುದಕ್ಕೂ ಧೈರ್ಯ ಬೇಕು. ಅಜ್ಜಿ ಇದ್ದಿದ್ದರೆ ಈ ಕಥೆ ಹೇಳಿ, ನಕ್ಕದ್ದಕ್ಕೆ ತಪ್ಪಾಯಿತು ಎನ್ನುತ್ತಿದ್ದೆ.