ಎತ್ತಿನ ಗಾಡಿ ಓಟ: ನೋಟದ ಸೊಗಸು ಎಲ್ಲಿದೆ?

ಅರಸೀಕೆರೆ: ಅರಸೀಕೆರೆಯಿಂದ ಹಳೇಬೀಡು, ಬೇಲೂರಿನವರೆಗಿನ ಸೀಮೆಯಲ್ಲಿ ಸುಗ್ಗಿ ಮುಗಿದೊಡನೆ ಜೋಡೆತ್ತಿನ ಗಾಡಿ ಓಟದ ಮಾತು ಕೇಳಿಬರುತ್ತದೆ. ವೇಗವೊಂದರಿಂದಲೇ ಓಟ ರಂಜಿಸುವುದಿಲ್ಲ. ಸಮಬಲದ ಜೋಡಿಗಳು, ಕಲ್ಲಿಲ್ಲದ ನೇರ ಅಖಾಡ, ಗೆರೆ ಮುಟ್ಟುವವರೆಗೂ ಉಳಿಯುವ ಕುತೂಹಲ ಪ್ರೇಕ್ಷಕರನ್ನು ಹಿಡಿದು ನಿಲ್ಲಿಸುತ್ತವೆ. ಎರಡೂ ಎತ್ತುಗಳ ಹೆಜ್ಜೆ ಒಂದಾಗದಿದ್ದರೆ ಗಾಡಿ ಬದಿಗೆ ವಾಲುತ್ತದೆ. ಅದನ್ನು ಹಗ್ಗದಲ್ಲೇ ತಿದ್ದುವುದು ಗಾಡಿ ಹೊಡೆಯುವವನ ಜಾಣ್ಮೆ. ಹಳ್ಳಿಕಾರ್, ಅಮೃತಮಹಲ್ ತಳಿಗಳು ವೇಗಕ್ಕೂ ತಾಳಿಕೆಗೂ ಹೆಸರಾಗಿವೆ.

ಸುಪ್ರೀಂ ಕೋರ್ಟ್ 2014ರ ಮೇ 7ರಂದು ಗಾಡಿ ಓಟವನ್ನು ನಿಷೇಧಿಸಿತ್ತು. ಅದಕ್ಕೆ ಮತ್ತೆ ಅವಕಾಶ ನೀಡಿದ ರಾಜ್ಯದ 2017ರ ತಿದ್ದುಪಡಿ ಕಾಯ್ದೆಯನ್ನು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ 2023ರ ಮೇ 18ರಂದು ಎತ್ತಿಹಿಡಿಯಿತು. ರಾಸುಗಳಿಗೆ ಅನಗತ್ಯ ನೋವಾಗಕೂಡದೆಂಬುದು ಕಾಯ್ದೆಯ ಷರತ್ತು. ಬಾರುಕೋಲಿನ ಏಟಿಲ್ಲದೆ ಓಡಿದರಷ್ಟೇ ಓಟವೂ ಉಳಿದೀತು, ನೋಟವೂ ಸೊಗಸಾದೀತು.